ಮಿನೊ-ಓತಾವರೆಗೆ ಮೊದಲ ದರ್ಜೆ

ತೋಳು ಎಲ್ಲಿ, ಕಾಲರು ಎಲ್ಲಿ, ಜೇಬು ಎಲ್ಲಿ ಎಂದು ಬಟ್ಟೆಯ ಮೇಲೆ ಕಾಗದದ ಅಚ್ಚುಗಳನ್ನು ಹೊಂದಿಸಿ ಕತ್ತರಿಸುವುದೇ ಕಸುಬಾಗಿದ್ದ ತೊಕುಜಿಗೆ ನಾಲ್ಕೈದು ಊರುಗಳನ್ನು ಒಂದು ವಾರದೊಳಗೆ ಹೊಂದಿಸುವುದು ಕಷ್ಟವಾಗಬಾರದಿತ್ತು. ಅಂಗಡಿಗೆ ರಜೆಯ ದಿನ. ಬೆಳಿಗ್ಗೆಯಿಂದ ಬಾಡಿಗೆ ಕೋಣೆಯ ಚಾಪೆಯ ಮೇಲೆ ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕ ಹರಡಿಕೊಂಡು, ಅಚ್ಚು ತೆಗೆದು ಉಳಿದ ಕಂದು ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ, ಅಂಗೈಯಿಂದ ಒರೆಸುತ್ತ, ಮತ್ತೆ ಎಳೆಯುತ್ತ ಕೂತಿದ್ದ. ಮದುವೆ ಮುಗಿಸಿ ಗಿಫುವಿನಿಂದ ಹೊರಟರೆ ಮೊದಲ ರಾತ್ರಿ ಗೆರೋದ ಬಿಸಿನೀರಿನ ಬುಗ್ಗೆಗಳ ಹತ್ತಿರ. ಮರುದಿನ ತಕಯಾಮಾ, ಅಲ್ಲಿಂದ ಫುರುಕಾವಾ, ಆಮೇಲೆ ಬೆಟ್ಟ ಇಳಿದು ತೊಯಾಮಾ, ಅಲ್ಲಿ ಸಮುದ್ರ, ಕೊನೆಗೆ ಕನಜಾವಾ, ಸುತ್ತು ಹಾಕಿ ಮನೆಗೆ. ಮೇಪಲ್ ಎಲೆ ಕೆಂಪಾಗುವುದು ಬೆಟ್ಟದ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಬರುತ್ತದೆ. ಅವರು ಹೋಗುವ ಹೊತ್ತಿಗೆ ತಕಯಾಮಾದಲ್ಲಿ ಉದುರಿ ಮುಗಿದಿರುತ್ತದೆ, ಗೆರೋದಲ್ಲಿ ಕೆಂಡದ ಹಾಗಿರುತ್ತದೆ, ಕನಜಾವಾದಲ್ಲಿ ಇನ್ನೂ ಹಸಿರೇ. ಯಾವ ಕಡೆಯಿಂದ ಸುತ್ತಿದರೂ ಒಂದಲ್ಲ ಒಂದು ಊರಿನಲ್ಲಿ ತಪ್ಪುತ್ತದೆ ಎಂದು ಅವನು ಕೊರಗಿದ್ದಕ್ಕೆ ರಿತ್ಸುಕೊ, ಅವನು ಮದುವೆಯಾಗಲಿರುವ ಹುಡುಗಿ, "ಉದುರಿದ್ದೂ ಎಲೆ ತಾನೆ? ಅದನ್ನೂ ನೋಡ್ಕೊಂಡು ಬಂದ್ರಾಯ್ತು" ಎಂದಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಸಮುದ್ರ. ಶಾಲೆಯವರು ಎಲ್ಲರನ್ನೂ ಕರೆದುಕೊಂಡು ಹೋದ ವರ್ಷ ಅವಳು ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ಆಮೇಲೆ ಅಪ್ಪನ ಕೊಡೆ ಕೆಲಸಕ್ಕೆ ಕೈ ಹಚ್ಚಿದವಳಿಗೆ ಬಿಡುವೇ ಆಗಿರಲಿಲ್ಲ.

ಗೆರೋದ ಹೋಟೆಲಿನವರು ಕತ್ತಲಾಗುವ ಮೊದಲೇ ಊಟದ ಮಣೆ ಇಡುತ್ತಾರೆ; ರೈಲು ತಡವಾದರೆ ಮೀನು ತಣ್ಣಗಾಗುತ್ತದೆ. ಫುರುಕಾವಾದಿಂದ ತೊಯಾಮಾ ಕಡೆಗೆ ಬೆಳಿಗ್ಗೆ ಒಂದು ಗಾಡಿ ತಪ್ಪಿದರೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಬೇಕು. ಅದನ್ನೆಲ್ಲ ಅವನು ಹೊಂದಿಸಿದ್ದ. ಬಟ್ಟೆಯ ಅಂಚಿನಲ್ಲಿ ಬೆರಳಗಲ ಚೂರೂ ದಂಡವಾಗದ ಹಾಗೆ. ಹೊಂದದೆ ಉಳಿದಿದ್ದು ಮೊಟ್ಟಮೊದಲ ತುಂಡು, ಗಿಫುವಿನಿಂದ ಗೆರೋದವರೆಗಿನದು. ಎಲ್ಲಕ್ಕಿಂತ ಚಿಕ್ಕದು. ಅದರ ಮೇಲೆ ಸೀಮೆಸುಣ್ಣ ಇಟ್ಟಾಗಲೆಲ್ಲ ಗೆರೆ ಎಳೆಯದೆ ಎತ್ತಿಬಿಡುತ್ತಿದ್ದ.

ಮೊಣಕಾಲಿನ ಹತ್ತಿರ ಅಣ್ಣನ ಕಾರ್ಡು ಬಿದ್ದಿತ್ತು. ಅಣ್ಣ ಯೊಹೇ ಊರಲ್ಲಿ, ಮಿನೊ-ಓತಾ ಸ್ಟೇಷನ್ ದಾಟಿ ಗೆರೋಗೆ ಹೋಗುವ ದಾರಿಯಲ್ಲಿರುವ ಶಿರಾಕಾವಾಗುಚಿಯಲ್ಲಿ, ಚಹಾ ತೋಟ ನೋಡಿಕೊಂಡಿದ್ದಾನೆ. ಅವನು ಕಾರ್ಡು ಬರೆದನೆಂದರೆ ಅಜ್ಜಿ ಪಕ್ಕದಲ್ಲಿ ಕೂತು ಬರೆಸಿದಳು ಅಂತಲೇ ಅರ್ಥ. 'ಅಜ್ಜಿ ಮದುವೆಗೆ ಬರೋಲ್ಲ, ಅಲ್ಲಾಡೋ ಗಾಡೀಲಿ ಕೂತ್ರೆ ಅವಳಿಗೆ ತಲೆ ಸುತ್ತುತ್ತೆ ಅಂತ ನಿನಗೆ ಗೊತ್ತಲ್ಲ. ಸ್ಟೇಷನ್ನಿಗೆ ಮಾತ್ರ ಬೆನ್ನ ಮೇಲೆ ಹೊತ್ಕೊಂಡು ಬರ್ತೀನಿ. ಎಕ್ಸ್‌ಪ್ರೆಸ್ ನಮ್ಮಲ್ಲಿ ನಿಲ್ಲೋದು ಉಸಿರು ತಗೊಳ್ಳೋವಷ್ಟು ಹೊತ್ತು. ಎಲ್ಲಿ ನಿಂತ್ಕೊಳ್ಳಲಿ, ಎಲ್ಲಿ ನಿಂತ್ಕೊಳ್ಳಲಿ ಅಂತ ದಿನಾ ಕೇಳ್ತಾಳೆ. ಮೊದಲ ದರ್ಜೆ ನೀರಿನ ತೊಟ್ಟಿ ಎದುರಿಗೆ ಬರುತ್ತಂತೆ, ಸ್ಟೇಷನ್ ಮಾಸ್ತರು ಹೇಳಿದ್ರು. ನೀನು ಮೊದಲ ದರ್ಜೇಲಿ ಬರ್ತೀಯ ಅಂತ ಕಣಿವೆಗೆಲ್ಲ ಸಾರಿದಾಳೆ. ತೊಟ್ಟಿ ಹತ್ತಿರಾನೇ ಸರಿ ಅಂತ ಒಂದು ಮಾತು ಬರಿ. ಇಲ್ಲಾಂದ್ರೆ ನನ್ನ ತಲೆ ತಿಂದುಬಿಡ್ತಾಳೆ.'

ಅಜ್ಜಿಗೆ ಅದನ್ನು ತಿಳಿಸಿದವರು ಅಂಗಡಿ ಯಜಮಾನರ ಹೆಂಡತಿ. ಈ ಸಂಬಂಧ ಕುದುರಿಸಿದವರೂ ಅವರೇ. ಯಜಮಾನರ ಹೆಂಡತಿಗೆ ತಿಳಿಸಿದವರು ಹಿರಿಯ ಗುಮಾಸ್ತ ಉಸಾಮಿ. ಉಸಾಮಿಗೆ ತಿಳಿಸಿದವನು ತಾನೇ. ತಿಳಿಸಿದ್ದೂ ಅಲ್ಲ. ಕತ್ತರಿಸುವ ದೊಡ್ಡ ಮೇಜಿನ ಸುತ್ತ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಉಸಾಮಿ ಬಟ್ಟಲು ಕೆಳಗಿಟ್ಟು, "ಏನಪ್ಪಾ ತೊಕುಜಿ, ಮೊದಲ ದರ್ಜೆ ತಾನೆ? ನಮ್ಮ ಮೊರಿಶಿಮಾ ಅಂಗಡಿಯವರೆಲ್ಲ ಪ್ಲಾಟ್‌ಫಾರ್ಮಿಗೆ ಬಂದು ಎರಡನೇ ದರ್ಜೆ ಕಿಟಕಿಗೆ ಬಾನ್ಜಾಯ್ ಅಂತ ಜಯಕಾರ ಕೂಗೋಕಾಗುತ್ತಾ? ಈರುಳ್ಳಿ ಮೂಟೆ ಕಳಿಸಿಕೊಟ್ಟ ಹಾಗಿರುತ್ತೆ" ಎಂದಿದ್ದರು. ಎಲ್ಲರೂ ನಕ್ಕರು. ತೊಕುಜಿಯೂ ನಕ್ಕ. ನಗುತ್ತಲೇ "ಹೂಂ, ಮತ್ತೆ!" ಅಂದುಬಿಟ್ಟ. ಬರೀ ಹೂಂ ಅಂದಿದ್ದರೆ ಆಮೇಲೆ ಹೇಗಾದರೂ ನುಂಗಿಕೊಳ್ಳಬಹುದಿತ್ತು. ಆ 'ಮತ್ತೆ' ಎಲ್ಲಿಂದ ಬಂತು? ಹುಟ್ಟಿದಾಗಿನಿಂದ ಮೊದಲ ದರ್ಜೆಯಲ್ಲೇ ಓಡಾಡಿದವನ ಹಾಗೆ, ಇನ್ನೇನು ಕೇಳುತ್ತೀರಿ ಎನ್ನುವ ಹಾಗೆ. ಗೆರೋದವರೆಗೆ ಮೊದಲ ದರ್ಜೆಗೆ ದುಡ್ಡು ಸುರಿದರೆ ಅತ್ತ ಕಡೆಯ ಸಮುದ್ರವನ್ನು ಕತ್ತರಿಸಿ ಬಿಸಾಕಬೇಕಾಗುತ್ತದೆ ಎಂದು ಆ ಕ್ಷಣದಲ್ಲೂ ಅವನಿಗೆ ಗೊತ್ತಿತ್ತು. ಮರುದಿನ ಕೈತೊಳೆಯುವ ನಲ್ಲಿಯ ಹತ್ತಿರ ಅದೇ ಉಸಾಮಿ ಅಕ್ಕಪಕ್ಕ ನೋಡಿ, ಸೋಪಿನ ಕೈಯಲ್ಲೇ ಹತ್ತಿರ ಬಂದು, "ಮಿನೊ-ಓತಾವರೆಗೆ ಮಾತ್ರ ಮೊದಲ ದರ್ಜೆ ತಗೊ. ಗಿಫು ಕಣ್ಮರೆಯಾದ ಮೇಲೆ ಒಳಗಿಂದಲೇ ನಡ್ಕೊಂಡು ಎರಡನೇದಕ್ಕೆ ಹೋಗ್ಬಿಡು. ಎಲ್ಲರೂ ಮಾಡೋದೇ. ನಾನೂ ಹಾಗೇ ಹೋಗಿದ್ದು" ಎಂದರು. "ಹುಡುಗಿಗೆ ಏನು ಹೇಳೋದು, ಉಸಾಮಿಯವರೇ?" "ಹುಡುಗಿಗೇನು ಹೇಳ್ತೀಯ? ನೀನು ಎದ್ರೆ ಹಿಂದೆ ಬರ್ತಾಳೆ."

ಎಲ್ಲರೂ ಮಾಡುವುದೇ ಆದರೆ ತನಗೇಕೆ ಹೀಗೆ? ಕಂದು ಕಾಗದವನ್ನು ಮಡಿಚಿ ಎದ್ದ. ಕೂತಲ್ಲಿ ಕೂರಲಾಗಲಿಲ್ಲ. ಮದುವೆಗೆಂದು ಕೊಂಡಿದ್ದ ಸೂಟ್‌ಕೇಸು ಗೋಡೆಗೆ ಒರಗಿತ್ತು. ಖಾಲಿ ಪೆಟ್ಟಿಗೆ ಹಿಡಿದು ಬೋಗಿಯಿಂದ ಬೋಗಿಗೆ ನಡೆಯುವ ಅಭ್ಯಾಸ ಮಾಡಿದರೆ ಏನೂ ತಿಳಿಯದು ಎಂದು ಅಚ್ಚು ಸರಿಯದಂತೆ ಬಟ್ಟೆಯ ಮೇಲಿಡುವ ಕಬ್ಬಿಣದ ತೂಕಗಳನ್ನು ಅದರೊಳಗೆ ತುಂಬಿದ. ಮೆಟ್ಟಿಲಿಳಿಯುವಾಗ ಅವು ಒಂದಕ್ಕೊಂದು ಬಡಿದವು. ಮನೆಯೊಡತಿ ಕೆಳಗಿಂದ ಕತ್ತೆತ್ತಿ, "ಈಗಲೇ ಹೊರಟ್ರಾ, ಮದುಮಗಳಿಲ್ಲದೆ?" ಎಂದಳು. ಅವನು ನಕ್ಕ. ಈಚೆಗೆ ಉತ್ತರ ಕೊಡಬೇಕಾದಲ್ಲೆಲ್ಲ ನಗುವುದು ರೂಢಿಯಾಗಿಬಿಟ್ಟಿತ್ತು.

ಗಿಫು ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಎಕ್ಸ್‌ಪ್ರೆಸ್ಸು, ತಾವು ಹೋಗಬೇಕಾದದ್ದು ಅದೇ, ಆಗಲೇ ನಿಂತಿತ್ತು. ಕಿಟಕಿಯ ಕೆಳಗೆ ತಿಳಿಹಸಿರು ಪಟ್ಟಿಯಿದ್ದ ಮೊದಲ ದರ್ಜೆಯ ಬೋಗಿಯ ಮುಂದೆ ಯಾವುದೋ ಕಚೇರಿಯ ಜನ ಗುಂಪುಗೂಡಿದ್ದರು. ಮದುಮಗನನ್ನು ಎತ್ತಿ ಎತ್ತಿ ಹಾರಿಸುತ್ತಿದ್ದರು. ಅವನ ಕನ್ನಡಕ ಒಬ್ಬನ ಕೈಯಲ್ಲಿತ್ತು. ಮದುಮಗಳು ಹೊಸ ಸೂಟು, ಎದೆಗೆ ಹೂ, ತಲೆಗೆ ಚಿಕ್ಕ ಟೋಪಿ, ಬಿಳಿ ಕೈಗವಸುಗಳು, ಕಿಟಕಿಯೊಳಗಿನಿಂದ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದಳು. ಬಾನ್ಜಾಯ್, ಬಾನ್ಜಾಯ್. ತೊಕುಜಿ ತಾನೂ ಎಷ್ಟೋ ಜನರನ್ನು ಹೀಗೆ ಹಾರಿಸಿದ್ದ, ಇದೇ ಹಸಿರು ಪಟ್ಟಿಯ ಮುಂದೆ. ಅಂಗಡಿಯ ಲೆಕ್ಕದವನನ್ನು, ಗುಂಡಿ ಹೊಲಿಯುವ ವಿಭಾಗದ ಕುಳ್ಳನನ್ನು. ಅವರೆಲ್ಲ ಗೆರೋದಲ್ಲಿ ಯಾವ ಬೋಗಿಯಿಂದ ಇಳಿದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅವರ ಮುಖಗಳು ಒಂದೊಂದಾಗಿ ನೆನಪಾಗಿ, ರೈಲು ಹೊರಟಾಗ ಅವರು ಕೈ ಬೀಸಿದ ರೀತಿಯಲ್ಲಿ ಒಂದು ಅವಸರ ಇತ್ತೇ ಎಂದು ಹುಡುಕತೊಡಗಿದ. ಇತ್ತು ಅನಿಸಿತು. ಎಲ್ಲರಲ್ಲೂ ಇತ್ತು.

ಎರಡನೇ ದರ್ಜೆಯಲ್ಲಿ ಹತ್ತಿ, ಗಾಡಿ ಊರು ಬಿಟ್ಟ ಮೇಲೆ ಸೂಟ್‌ಕೇಸು ಎತ್ತಿಕೊಂಡು ಮೊದಲ ದರ್ಜೆಯ ಕಡೆಗೆ ನಡೆದ. ಮದುವೆಯ ದಿನ ಬರಬೇಕಾದ ದಾರಿಯನ್ನು ಇವತ್ತು ತಿರುವುಮುರುವಾಗಿ. ಜನ ಮೊಣಕಾಲು ಸರಿಸಿದರು. ಒಬ್ಬ ಮುದುಕಿ ಕಿತ್ತಳೆ ಸುಲಿಯುತ್ತಿದ್ದವಳು, "ಏನಪ್ಪಾ ಅದರೊಳಗೆ, ಗಂಟೆಗಳಾ?" ಎಂದಳು. ಬೋಗಿಗಳ ನಡುವಿನ ಬಾಗಿಲ ಸಂದಿಯಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಇದನ್ನು ನೆನಪಿಟ್ಟುಕೊಳ್ಳಬೇಕು, ಪೆಟ್ಟಿಗೆಯನ್ನು ಅಡ್ಡ ತಿರುಗಿಸಬೇಕು, ರಿತ್ಸುಕೊ ಕೈಯಲ್ಲಿ ಏನೂ ಕೊಡಬಾರದು, ಅಂದುಕೊಳ್ಳುತ್ತ ಬಾಗಿಲು ಎಳೆದರೆ ಎದುರಿಗೆ ಅದೇ ಮದುಮಗ ನಿಂತಿದ್ದ, ಎರಡೂ ಕೈಯಲ್ಲಿ ಪೆಟ್ಟಿಗೆ. ಹಿಂದೆ ಮದುಮಗಳು.

"ಕ್ಷಮಿಸಿ, ಎರಡನೇ ದರ್ಜೆ ಈ ಕಡೇನಾ?" ಎಂದ ಆ ಮನುಷ್ಯ, ತೊಕುಜಿಯ ಮುಖ ನೋಡದೆ ಅವನ ಪೆಟ್ಟಿಗೆ ನೋಡುತ್ತ. ಕನ್ನಡಕ ಇನ್ನೂ ಸೊಟ್ಟಗಿತ್ತು. "ಹೌದು, ಇದೇ ಕಡೆ" ಎಂದ ತೊಕುಜಿ. ಆತ ಹೆಂಡತಿಯ ಕಡೆ ತಿರುಗಿ, "ಟೋಪಿ ತೆಗಿ. ಬೇಗ ಬಾ" ಎಂದ. ಅವಳು ಟೋಪಿ ತೆಗೆದಳು. ಕೂದಲಲ್ಲಿ ಬಣ್ಣದ ಕಾಗದದ ಚೂರು ಸಿಕ್ಕಿಕೊಂಡಿತ್ತು. ಹೊಸ ಬೂಟು ಕಚ್ಚುತ್ತಿತ್ತೋ ಏನೋ, ಒಂದು ಕಾಲನ್ನು ಎತ್ತಿ ಎತ್ತಿ ಇಡುತ್ತಿದ್ದಳು. ತೊಕುಜಿ ದಾರಿ ಬಿಡಲು ಗೋಡೆಗೆ ಒತ್ತಿಕೊಂಡಾಗ ಅವಳು ಅವನಿಗೆ ಬಗ್ಗಿ ನಮಸ್ಕರಿಸಿ, ತಪ್ಪು ಒಪ್ಪಿಸುವವಳ ಹಾಗೆ, "ನಮ್ಮ ಯಜಮಾನ್ರು ಗಡಿಬಿಡೀಲಿ ತಪ್ಪು ಬೋಗಿ ಹತ್ತಿಬಿಟ್ಟಿದ್ರು. ಅಷ್ಟು ಜನ ಎತ್ತಿ ಹಾರಿಸಿದ್ರೆ ಯಾರಿಗಾದ್ರೂ ತಲೆ ತಿರುಗುತ್ತಲ್ವಾ" ಎಂದಳು. ನಕ್ಕಳು. ಗಂಡನ ಕಿವಿಗಳು ಕೆಂಪಾಗಿದ್ದನ್ನು ತೊಕುಜಿ ನೋಡಿದ. ಯಜಮಾನ್ರು ಎಂಬ ಮಾತು ಅವಳ ಬಾಯಿಗೆ ಇವತ್ತೇ ಬಂದದ್ದು. ಹೊಸ ಪಾತ್ರೆಯನ್ನು ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದು ಆಡಿದ್ದಳು.

"ಅಯ್ಯೋ, ಹೂವು!" ಎಂದು ಅವಳು ತಟ್ಟನೆ ನಿಂತಳು. "ಗೊಂಚಲು ಸೀಟಿನ ಮೇಲೇ ಬಿಟ್ಟೆ."

"ಬಿಡು, ಇರಲಿ."

"ಅಕ್ಕ ಕೊಟ್ಟಿದ್ದು..."

"ಬಿಡು ಅಂದೆನಲ್ಲ."

"ನಾನು ತರ್ತೀನಿ" ಎಂದ ತೊಕುಜಿ. ಯಾಕೆ ಹೇಳಿದೆ ಅಂತ ಅವನಿಗೇ ತಿಳಿಯಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಮೊದಲ ದರ್ಜೆಯೊಳಕ್ಕೆ ಹೆಜ್ಜೆ ಹಾಕಿದ. ಸೀಟಿನ ಬೆನ್ನಿಗೆ ಬಿಳಿ ಬಟ್ಟೆ ಹೊದೆಸಿದ್ದರು. ಗಾಲಿಯ ಸದ್ದು ಇಲ್ಲಿ ದೂರದ್ದೆನಿಸುತ್ತಿತ್ತು. ಬಿಳಿ ಸೇವಂತಿಗೆ ಮತ್ತು ಅವನಿಗೆ ಹೆಸರು ಗೊತ್ತಿಲ್ಲದ ಯಾವುದೋ ಹೂವಿನ ಗೊಂಚಲು ಕಿಟಕಿಯ ಪಕ್ಕ ಬಿದ್ದಿತ್ತು. ಅದನ್ನೆತ್ತಿಕೊಂಡು ತಿರುಗಿದರೆ ಕಂಡಕ್ಟರು. "ಟಿಕೀಟು?" ತೊಕುಜಿ ತೋರಿಸಿದ. "ಇದು ಎರಡನೇದು." "ಗೊತ್ತು. ಹೂವು ತಗೊಂಡು ಹೋಗೋಕೆ ಬಂದೆ." ಕಂಡಕ್ಟರು ಹೂವನ್ನೂ ಅವನನ್ನೂ ನೋಡಿ, "ನಿಮ್ಮದಾ ಮದುವೆ?" "ಅಲ್ಲ. ನಂದು ಮುಂದಿನ ತಿಂಗಳು." "ಓ, ನೋಡ್ಕೊಂಡು ಹೋಗೋಕೆ ಬಂದ್ರಾ" ಎಂದು ಆತ ದಣಿದವನಂತೆ ದಾರಿ ಬಿಟ್ಟ. "ಒಳ್ಳೇ ದಿನ ಬಂತು ಅಂದ್ರೆ ಇದೇ ಕತೆ. ಈ ಬಾಗಿಲಲ್ಲಿ ಮದುಮಕ್ಕಳ ಸಾಲು. ಪೆಟ್ಟಿಗೆ ಅಡ್ಡ ಮಾಡಿ ಹಿಡ್ಕೊಳ್ಳಿ ಅಂತ ಹೇಳಿ ಹೇಳಿ ಸಾಕಾಯ್ತು." ಆ ಮಾತಿನಲ್ಲಿ ಹಂಗಿಸುವುದೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು ತೊಕುಜಿಗೆ.

ಅಷ್ಟರಲ್ಲಿ ಮಿನೊ-ಓತಾ ಬಂತು. ತನ್ನ ಪೆಟ್ಟಿಗೆ ಎತ್ತಿಕೊಂಡು ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಓಡಿ ಎರಡನೇ ದರ್ಜೆಯ ಕಿಟಕಿಯಲ್ಲಿ ಅವಳಿಗೆ ಹೂವು ಕೊಟ್ಟ. ಗಂಡ ಮೇಲಿನ ಹಲಗೆಯ ಮೇಲೆ ಪೆಟ್ಟಿಗೆ ಇಡುವುದರಲ್ಲಿ ಮುಳುಗಿದ್ದವನು ತಿರುಗಿ ನೋಡಲೇ ಇಲ್ಲ. ಅವಳು ಮತ್ತೆ ಬಗ್ಗಿದಳು, ಗಾಡಿ ಹೊರಟಿತು. ಹಸಿರು ಪಟ್ಟಿಯ ಬೋಗಿ ನಿಂತಿದ್ದ ಜಾಗ ಎಲ್ಲಿ, ತಾನು ಹೂವು ಕೊಟ್ಟ ಜಾಗ ಎಲ್ಲಿ ಎಂದು ಅವನು ತಿರುಗಿ ನೋಡಿದ. ಅಲ್ಲಿ ನಿಂತಿದ್ದ ಹಮಾಲನ ಮುಖ ಇಲ್ಲಿಗೆ ಕಾಣುತ್ತಿರಲಿಲ್ಲ. ಹಮಾಲನೆಂಬುದನ್ನೂ ಬಟ್ಟೆಯಿಂದ ಊಹಿಸಬೇಕಿತ್ತು. ಅದೂ ತನ್ನ ಕಣ್ಣಿಗೆ; ಅಜ್ಜಿಯ ಕಣ್ಣೋ ಮಬ್ಬು. ಎಲ್ಲಿ ನಿಂತ್ಕೊಳ್ಳಲಿ? ಆವತ್ತು, ಅವನು ಚಿಕ್ಕವನಿದ್ದಾಗ, ಅಜ್ಜಿಯ ಬೆನ್ನು ಹೊಗೆಯ ವಾಸನೆ ಹೊಡೆಯುತ್ತಿತ್ತು, ಚಹಾ ಎಲೆ ಹುರಿಯುವ ಹೊಗೆ. ಅವಳ ಕುತ್ತಿಗೆಯ ಮೇಲೆ ಅವನು ಮೂಗು ಒತ್ತಿಕೊಂಡಿದ್ದ. ಅಪ್ಪ ಉತ್ತರದ ಗಣಿಯಲ್ಲಿ ಕೆಲಸಕ್ಕಿದ್ದವನು, ಅಲ್ಲಿಂದಲೇ ಯುದ್ಧಕ್ಕೆ ಕರೆ ಬಂದು, ಇದೇ ಗಾಡಿ ದಾರಿಯಲ್ಲಿ ಕೆಳಗೆ ಹೋಗುತ್ತಿದ್ದೇನೆ, ಊರಿನ ಸ್ಟೇಷನ್ನಿನಲ್ಲಿ ಒಂದು ಗಳಿಗೆ ಗಾಡಿ ನಿಲ್ಲುತ್ತದೆ ಎಂದು ಹೇಳಿ ಕಳಿಸಿದ್ದ. ಅಜ್ಜಿ ಅಣ್ಣನ ಕೈ ಹಿಡಿದು, ತೊಕುಜಿಯನ್ನು ಬೆನ್ನಿಗೆ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲೇ ಹೋಗಿ ಮುಂದುಗಡೆ ನಿಂತಿದ್ದಳು. ಮುಂದೆ ನಿಂತವರಿಗೇ ಮೊದಲು ಕಾಣುತ್ತದೆ ಎಂದು ಅವಳ ಎಣಿಕೆ. ಗಾಡಿ ಬಂತು. ಬಾನ್ಜಾಯ್ ಎಂದು ಜನ ಕೂಗಿದರು. ಯಾವ ಕಿಟಕಿಯಲ್ಲೂ ಅಪ್ಪ ಇರಲಿಲ್ಲ. ಹಿಂದೆ, ಬಹಳ ಹಿಂದೆ, ಒಂದು ಕಿಟಕಿಯಿಂದ ಒಂದು ಕೈ, ಬರೀ ಕೈ, ಆ ಕಡೆ ಈ ಕಡೆ ಆಡುತ್ತಿತ್ತು. ಅಜ್ಜಿ ಓಡಿದಳು. ಅವನ ಗಲ್ಲ ಅವಳ ಭುಜಕ್ಕೆ ಕುಟ್ಟುತ್ತಿತ್ತು, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತದ ರುಚಿ ಬಂತು. ಅವಳು ಅಲ್ಲಿಗೆ ಮುಟ್ಟುವ ಮೊದಲೇ ಗಾಡಿ ಹೊರಟು ಆ ಕಿಟಕಿಯೇ ಅವಳ ಕಡೆ ಬರತೊಡಗಿತ್ತು, ಜೋರಾಗಿ, ಯಾವ ಮುಖವನ್ನೂ ಹಿಡಿದು ನೋಡಲಾಗದಷ್ಟು ಜೋರಾಗಿ. ಅಪ್ಪ ಮರಳಿ ಬರಲಿಲ್ಲ. ಅಜ್ಜಿ ಆ ದಿನದ ಬಗ್ಗೆ ಬೇರೆ ಏನೂ ಹೇಳುತ್ತಿರಲಿಲ್ಲ. ಎಂದಾದರೊಮ್ಮೆ ಮಾತ್ರ, ತರಕಾರಿ ಹೆಚ್ಚುತ್ತಲೋ ಬಟ್ಟೆ ಒಗೆಯುತ್ತಲೋ, "ಹಿಂದುಗಡೆ ನಿಲ್ಬೇಕಾಗಿತ್ತು" ಅನ್ನುತ್ತಿದ್ದಳು. ತಾಯಿ ಆಗಲೇ ತೀರಿಕೊಂಡಿದ್ದಳು. ಮಕ್ಕಳಿಬ್ಬರನ್ನೂ ಅವಳೇ ಸಾಕಿದಳು.

ಎರಡನೇ ದರ್ಜೆ ಅಂತ ಬರೆದರೆ ಕಣಿವೆಯಲ್ಲಿ ಅಜ್ಜಿಯ ಮಾತು ಬೀಳುತ್ತದೆ. ಬರೆಯದಿದ್ದರೆ ಅಜ್ಜಿ ಮತ್ತೊಮ್ಮೆ ತಪ್ಪು ಜಾಗದಲ್ಲಿ ನಿಂತಿರುತ್ತಾಳೆ, ಈ ಸಲ ಮಬ್ಬು ಕಣ್ಣಿನಲ್ಲಿ, ಅಣ್ಣನ ಬೆನ್ನ ಮೇಲೆ, ನೀರಿನ ತೊಟ್ಟಿಯ ಎದುರಿಗೆ. ವಾಪಸು ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಅವನು ಸೀಟು ಖಾಲಿಯಿದ್ದರೂ ನಿಂತೇ ಬಂದ.

ಗಿಫು ಸ್ಟೇಷನ್ನಿನ ದಕ್ಷಿಣಕ್ಕೆ ಇಳಿದರೆ ಕೊಡೆ ಮಾಡುವವರ ಕೇರಿ, ಕನೊ. ಬಯಲ ತುಂಬ ಎಣ್ಣೆ ಬಳಿದ ಕಾಗದದ ಕೊಡೆಗಳು ಬಿಚ್ಚಿಕೊಂಡು ಒಣಗುತ್ತಿದ್ದವು. ನಡುವೆ ಒಬ್ಬರು ನಡೆಯುವಷ್ಟು ದಾರಿ. ಎದುರುಮನೆಯ ಮಹಡಿಯಲ್ಲಿ ಹೊಲಿಗೆ ಯಂತ್ರ ಗಡಗಡ ಓಡುತ್ತಿತ್ತು. ಅಲ್ಲಿಯ ಹೆಂಗಸು ಮೊರಿಶಿಮಾ ಅಂಗಡಿಗೇ ಮನೆಯಲ್ಲಿ ಅಂಗಿ ಹೊಲಿದುಕೊಡುತ್ತಿದ್ದಳು. ಗುಡಿಸಲಿನ ಮುಂದೆ ಕೂತು ಕೊಡೆಯ ತಲೆಗೆ ದಾರ ಸುತ್ತುತ್ತಿದ್ದ ರಿತ್ಸುಕೊಳ ಅಪ್ಪ ಕುಮಾಜಾಕಿ ಕತ್ತೆತ್ತಿ, "ಬಂದ್ರಪ್ಪಾ ನಮ್ಮ ಮೊದಲ ದರ್ಜೆ ಅಳಿಯಂದ್ರು" ಎಂದರು. "ಕೂತ್ಕೊಳ್ಳಿ, ಬಿಳಿ ಬಟ್ಟೆ ಹೊದೆಸಿದ ಸೀಟಿಲ್ಲ, ಹರಕು ಚಾಪೆ ಇದೆ."

ರಿತ್ಸುಕೊ ಕೊಡೆಗಳ ನಡುವಿನಿಂದ ಎದ್ದು ಬಂದಳು. ಕೈಗೆಲ್ಲ ಎಣ್ಣೆ. "ಸೂಟ್‌ಕೇಸ್ ಯಾಕೆ? ನನ್ನ ಬಿಟ್ಟು ಓಡಿಹೋಗ್ತಿದೀರಾ?"

"ಅಭ್ಯಾಸ ಮಾಡೋಕೆ ಹೋಗಿದ್ದೆ."

"ಏನಭ್ಯಾಸ?"

ಅವನು ಹೇಳಿದ. ಹೇಳುತ್ತ ಹೇಳುತ್ತ ನಗಲು ಬಂತು, ನಗಲಿಲ್ಲ. ಉಸಾಮಿ ಚಹಾ ಬಟ್ಟಲು ಇಟ್ಟಿದ್ದು, ತಾನು ಮತ್ತೆ ಅಂದಿದ್ದು, ನಲ್ಲಿಯ ಹತ್ತಿರದ ಉಪಾಯ, ಬಾಗಿಲಲ್ಲಿ ಸಿಕ್ಕಿಕೊಂಡ ಪೆಟ್ಟಿಗೆ, ಎಲ್ಲ. ಆ ಮದುಮಗಳು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ. ರಿತ್ಸುಕೊ ಕೇಳುತ್ತಲೇ ಒಣಗಿದ ಕೊಡೆಯೊಂದನ್ನು ಎತ್ತಿ, ಮಡಿಕೆ ಮಡಿಕೆಯಾಗಿ ಕೂಡಿಸಿ ಮುಚ್ಚಿದಳು, ಇನ್ನೊಂದನ್ನು ಎತ್ತಿದಳು. ಅಪ್ಪ ಕೆಮ್ಮಿ ಒಳಗೆ ಹೋದರು.

"ನನಗೆ ಯಾವಾಗ ಹೇಳ್ತಿದ್ರಿ?"

ಅವನು ಪೆಟ್ಟಿಗೆಯನ್ನು ಚಾಪೆಯ ಪಕ್ಕ ಕೆಳಗಿಟ್ಟ.

"ಗಾಡಿ ಹೊರಟ ಮೇಲಾ? ಬಾ ಅಂತ ಕೈ ಹಿಡ್ಕೊಂಡು ಎಳ್ಕೊಂಡು ಹೋಗ್ತಿದ್ರಾ? ಬೋಗಿ ತಪ್ಪಿದೆ ಅಂತಿದ್ರಾ?"

ಆ ಮದುಮಗಳ ಮಾತೇ ಎಂದು ಅವನು ಬೆಚ್ಚಿದ. "ಗೊತ್ತಿಲ್ಲ."

"ಅಂತಿದ್ರಿ. ನಾನೂ ನಂಬ್ತಿದ್ದೆ." ಕೊಡೆಯನ್ನು ಅವಳು ಸ್ವಲ್ಪ ಜೋರಾಗಿಯೇ ಮುಚ್ಚಿದಳು. "ನಂಬಿ, ಪಕ್ಕದಲ್ಲಿ ಕೂತವರಿಗೆಲ್ಲ ನಿಮ್ಮ ಪರವಾಗಿ ಮಾತಾಡ್ತಿದ್ದೆ. ಅದು ನೆನೆಸಿಕೊಂಡ್ರೆ ಸಿಟ್ಟು ಬರುತ್ತೆ. ಎರಡನೇ ದರ್ಜೇಲಿ ಕೂರೋಕಲ್ಲ. ನಾನು ಯಾವತ್ತು ಮೊದಲನೇದರಲ್ಲಿ ಕೂತಿದೀನಿ?"

ಅವನೂ ಒಂದು ಕೊಡೆ ಎತ್ತಿಕೊಂಡು ಮುಚ್ಚಲು ನೋಡಿದ, ಮಡಿಕೆ ತಪ್ಪಾಯಿತು. ಅವಳು ಅದನ್ನು ಕಿತ್ತುಕೊಂಡು ಸರಿ ಮಾಡಿದಳು. ಆಮೇಲೆ ಅವನು ಅಣ್ಣನ ಕಾರ್ಡು ಕೊಟ್ಟ. ಅವಳು ಎಣ್ಣೆಯ ಕೈಯನ್ನು ಮುಂದೆ ಕಟ್ಟಿಕೊಂಡ ಬಟ್ಟೆಗೆ ಒರೆಸಿಕೊಂಡು, ತುಟಿ ಅಲ್ಲಾಡಿಸುತ್ತ ಓದಿದಳು. ಅಪ್ಪನ ಕೈಯನ್ನು, ಬರೀ ಕೈಯನ್ನು ಕಂಡದ್ದನ್ನು ಅವನು ಹೇಳಿದ. ಯಾರಿಗೂ ಹೇಳಿದವನಲ್ಲ. ಹೇಳಿದ ಮೇಲೆ ಅದು ಇಷ್ಟೇನಾ ಅನಿಸಿತು, ನಾಲ್ಕು ಮಾತು.

"ಅಜ್ಜಿಗೆ ಈಗ ಏನೇನು ಕಾಣುತ್ತೆ?" ಎಂದಳು ರಿತ್ಸುಕೊ.

"ಮುಖ ಗುರುತು ಸಿಗೋಲ್ಲ. ನನ್ನೂ ಅಣ್ಣನ್ನೂ ದನಿ ಕೇಳಿಯೇ ಹೇಳೋದು. ಆದರೆ ಹಿತ್ತಲ ಮರದಲ್ಲಿ ಹಣ್ಣಾದ ಪರ್ಸಿಮನ್ ಎಲ್ಲಿದೆ ಅಂತ ಕೋಲಿಟ್ಟು ತೋರಿಸ್ತಾಳೆ. ಒಂದೂ ತಪ್ಪೋಲ್ಲ."

ಅವಳು ಕಾರ್ಡು ಹಿಂದಕ್ಕೆ ಕೊಟ್ಟು ಗುಡಿಸಲಿನೊಳಗೆ ಹೋದಳು. ಒಳಗೆ ಅಪ್ಪ ಮಗಳ ಮಾತು. "ಅದು ಮದುವೆ ದಿನಕ್ಕಮ್ಮಾ, ಈಗಲೇ ಬಿಸಿಲಿಗೆ ಹಿಡೀಬೇಡ." "ಬಿಚ್ಚಿ ಮುಚ್ತೀನಿ ಅಷ್ಟೇ, ಅಪ್ಪಾ." ಹೊರಗೆ ಬಂದಾಗ ಅವಳ ಕೈಯಲ್ಲಿ ಮುಚ್ಚಿದ ಕೊಡೆಯೊಂದಿತ್ತು, ಕೆಂಪು. "ಬಯಲಿನ ಆ ತುದಿಗೆ ಹೋಗಿ ನಿಂತ್ಕೊಳ್ಳಿ. ಕಣ್ಣು ಮುಕ್ಕಾಲು ಮುಚ್ಚಿ. ನೀವೇ ಅಜ್ಜಿ."

"ಯಾಕೆ?"

"ನೀವೊಬ್ರೇನಾ ಅಭ್ಯಾಸ ಮಾಡೋದು? ಹೋಗ್ರೀ."

ಅವನು ಹೋದ. ರೆಪ್ಪೆಗಳ ಸಂದಿಯಿಂದ ನೋಡಿದರೆ ಬಯಲೆಲ್ಲ ಒಂದೇ ಕಂದು ಮಬ್ಬು, ಅದರಾಚೆ ಗುಡಿಸಲು ಇನ್ನೊಂದು ಮಬ್ಬು. ಅಜ್ಜಿಗೆ ಜಗತ್ತು ಇಷ್ಟೇ ಇರಬಹುದು. ಇಷ್ಟರಲ್ಲಿ ಅವಳು ತನ್ನನ್ನು ಹುಡುಕಬೇಕು. ಆಗ ಗುಡಿಸಲಿನ ಕಿಟಕಿಯಿಂದ ಕೆಂಪು ಬಿಚ್ಚಿಕೊಂಡಿತು. ದುಂಡನೆಯ ಕೆಂಪು, ನಡುವೆ ಬಿಳಿಯ ಬಳೆ.

"ಕಾಣುತ್ತಾ?"

"ಕಾಣುತ್ತೆ" ಎಂದ ಅವನು.

"ಕೇಳಿಸ್ತಿಲ್ಲ! ಗಾಡಿ ಸದ್ದು ಮಾಡ್ತಿರುತ್ತೆ. ಜೋರಾಗಿ!"

"ಕಾಣುತ್ತೇ!"

ಮಹಡಿಯ ಮೇಲಿನ ಹೊಲಿಗೆ ಯಂತ್ರ ನಿಂತಿತು. ಕಿಟಕಿ ಸರಿದು ಎದುರುಮನೆಯ ಹೆಂಗಸು ತಲೆ ಹೊರಗೆ ಹಾಕಿದಳು. "ಏನ್ ತೊಕುಜಿ, ಮಳೆ ಇಲ್ಲ ಮೋಡ ಇಲ್ಲ, ಏನಪ್ಪಾ ಈ ಆಟ?" ನಾಳೆ ಬೆಳಿಗ್ಗೆ ಅವಳು ಹೊಲಿದ ಅಂಗಿಗಳ ಗಂಟು ಹೊತ್ತುಕೊಂಡು ಅಂಗಡಿಗೆ ಹೋಗುತ್ತಾಳೆ, ಉಸಾಮಿಯ ಎದುರಿಗೆ ಕೂತು ಚಹಾ ಕುಡಿಯುತ್ತಾಳೆ, ಇವತ್ತು ಕಂಡದ್ದನ್ನೆಲ್ಲ ಹೇಳುತ್ತಾಳೆ. ಸುಮ್ಮನೆ, ಕೊಡೆ ಒಣಗಿಸ್ತಿದೀವಿ ಎಂಬ ಮಾತು ಅವನ ಬಾಯಿಗೆ ತಾನಾಗಿಯೇ ಬಂದು ನಿಂತಿತ್ತು. ನಗುವೂ ಬಂದು ನಿಂತಿತ್ತು. ಬೂಟು ಕಚ್ಚಿದ ಕಾಲನ್ನು ಎತ್ತಿ ಇಡುತ್ತಿದ್ದ ಆ ಹುಡುಗಿ ಈಗ ಗೆರೋ ಮುಟ್ಟಿರಬೇಕು. ಸಂಜೆ ಮೀನಿನ ಮುಂದೆ ಕೂತು ಬೋಗಿ ತಪ್ಪಿದ ಕತೆಯನ್ನು ಬಡಿಸುವವಳಿಗೂ ಹೇಳಬಹುದು.

"ರೈಲಿನ ಕಿಟಕಿ, ಅಕ್ಕಾ!" ಎಂದು ಕೂಗಿದ. ದನಿ ಅವನದೆನಿಸಲಿಲ್ಲ. "ಅಜ್ಜಿಗೆ ಕಾಣುತ್ತಾ ಅಂತ ನೋಡ್ತಿದೀವಿ! ಎರಡನೇ ದರ್ಜೆ ಕಿಟಕಿ!"

"ಎರಡನೇದಾ? ಮೊದಲನೇದು ಅಂದಿದ್ರಂತಲ್ಲಪ್ಪಾ!"

"ಅಂದಿದ್ದೆ! ಸುಳ್ಳು! ಎರಡನೇದು!"

ಬಯಲಿನ ಆಚೀಚೆ ಇನ್ನೂ ಒಂದೆರಡು ಬಾಗಿಲು ಸರಿದ ಸದ್ದಾಯಿತು. ಯಾರೋ ನಕ್ಕರು. ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಹರಿಯಿತು. ಕಣ್ಣು ಬಿಡಬೇಕೆನ್ನುವಷ್ಟರಲ್ಲಿ ಕೆಂಪು ಇದ್ದಕ್ಕಿದ್ದ ಹಾಗೆ ಮಾಯವಾಯಿತು. ಅವಳು ಎಲ್ಲಿ ಹೋದಳು? ಬರೀ ಮಬ್ಬು. ಬಾಯಲ್ಲಿ ಆ ಹಳೆಯ ರಕ್ತದ ರುಚಿ ಬಂದ ಹಾಗಾಯಿತು. ಮಹಡಿಯ ಹೆಂಗಸು ಏನೋ ಕೇಳುತ್ತಿದ್ದಳು, ಅವನಿಗೆ ಕೇಳಿಸಲಿಲ್ಲ. ಬಲಕ್ಕೆ ತಿರುಗಿದ, ಎಡಕ್ಕೆ ತಿರುಗಿದ. ಗುಡಿಸಲಿನ ಇನ್ನೊಂದು ಬದಿಯಲ್ಲಿ, ಅವನು ನೆನೆಸದ ಕಡೆಯಲ್ಲಿ, ಕೆಂಪು ಮತ್ತೆ ಬಿಚ್ಚಿಕೊಂಡಿತು.

"ಈಗ ಎಲ್ಲಿದೀನಿ?" ಅವಳ ದನಿ.

ಅವನು ಕೈ ಚಾಚಿ ತೋರಿಸಿದ. ತೋರಿಸಿದವನು ಅಲ್ಲಿ ನಿಲ್ಲಲಿಲ್ಲ, ಅದರ ಕಡೆಗೆ ಹೊರಟ, ಮೊದಲು ನಡೆದು, ಆಮೇಲೆ ಹೆಚ್ಚುಕಡಿಮೆ ಓಡಿ, ಎರಡೂ ಬದಿಗೆ ಒಣ ಕಾಗದ ಪಟಪಟ ಕಾಲಿಗೆ ತಾಗುತ್ತಿದ್ದ ಹಾಗೆ.

"ಲೋ ಎರಡನೇ ದರ್ಜೆ ಅಳಿಯ!" ಎಂದು ಕುಮಾಜಾಕಿ ಗುಡಿಸಲಿನಿಂದ ಅರಚಿದರು. "ಕಣ್ಣು ಬಿಡಪ್ಪಾ! ಕೊಡೆ ತುಳೀತೀಯ!"

ಅವನು ಕಣ್ಣು ಬಿಡಲಿಲ್ಲ.